ಜಗಲಿಗೆ ಪರ್ಮಿಷನ್ ಕೇಳಿದ ರೈಟರು

ಅವರು ಅಂಗಡಿಗೆ ಬಂದರೆಂದರೆ ನನಗೆ ತಲೆ ಸುತ್ತು ಬರುತ್ತಿತ್ತು. ನನ್ನದೇನು ದೊಡ್ಡ ಅಂಗಡಿಯಲ್ಲ. ಬಣಕಲ್ ದಾಟಿ ಕಳಸದ ಕಡೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಜೆರಾಕ್ಸ್ ಮೆಷಿನ್ನು, ಒಂದು ಕಂಪ್ಯೂಟರು, ಜನ ಅರ್ಜಿ ಬರೆಯಲು ಒಂದು ಕೌಂಟರು, ಅಷ್ಟೇ. ಆ ಕೌಂಟರಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಅವರು ಓಡಾಡುತ್ತಲೇ ಇರುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು, ಕುತ್ತಿಗೆ ಮುಂದೆ ಚಾಚಿಕೊಂಡು. ಮೆಷಿನ್ನಿನಿಂದ ಅವರ ಕಾಗದ ಹೊರಗೆ ಬರುವಷ್ಟರಲ್ಲಿ ಅವರು ಅರ್ಧ ಬಣಕಲ್ ನಡೆದಿರುತ್ತಿದ್ದರು.

"ರೈಟ್ರೇ, ದಮ್ಮಯ್ಯ, ಆ ಸ್ಟೂಲ್ ಮೇಲೆ ಒಂಚೂರು ಕೂತ್ಕೊಳ್ಳಿ ಮಾರಾಯ್ರೆ. ನಿಮ್ಮನ್ನ ನೋಡಿ ನೋಡಿ ನಂಗೇ ಕಾಲು ನೋವು ಬಂತು."

"ಇರ್ಲಿ ಬಿಡು ತಂಗಿ. ಕೂತ್ರೆ ಏನೋ ಮರ್ತು ಬಂದಂಗಾಗ್ತದೆ."

ಕಾಫಿ ಕೊಯ್ಲು ಮುಗಿಯುತ್ತಾ ಬಂದಾಗ ಅವರು ತೀರಿಕೊಂಡರು. ಈಗಲೂ ಕೌಂಟರಿನ ಮುಂದೆ ಯಾರಾದರೂ ಅತ್ತಿತ್ತ ಓಡಾಡಿದರೆ ನಾನು ತಲೆ ಎತ್ತದೆ "ಕೂತ್ಕೊಳ್ಳಿ ರೈಟ್ರೇ" ಅಂದುಬಿಡುತ್ತೇನೆ. ಬಂದವರು ನನ್ನ ಮುಖ ನೋಡುತ್ತಾರೆ. ಅವತ್ತೆಲ್ಲಾ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ.

ರೈಟರು ಅಂದರೆ ಕತೆ, ಕಾದಂಬರಿ ಬರೆಯುವವರು ಅಂದುಕೊಳ್ಳಬೇಡಿ. ನಮ್ಮ ಕಡೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಗೊಬ್ಬರ, ಚೀಲ ಎಲ್ಲವನ್ನೂ ಬರೆದಿಡುವವರಿಗೆ ರೈಟರು ಅನ್ನುತ್ತಾರೆ. ಇವರು ನಮ್ಮೂರ ಮೇಲಿನ ಎಸ್ಟೇಟಿನಲ್ಲಿ ಮೀಸೆ ಚಿಗುರುವ ಮೊದಲು ಸೇರಿ, ಕೂದಲು ಬೆಳ್ಳಗಾದ ಮೇಲೆ ಬಿಟ್ಟವರು. ಬಿಟ್ಟರೂ ಹೆಸರು ಬಿಡಲಿಲ್ಲ. ಪೋಸ್ಟ್‌ಮ್ಯಾನಿಗೂ ಅವರು ರೈಟ್ರೇ, ನನಗೂ ರೈಟ್ರೇ. ಕಟ್ಟಿಕೊಂಡ ಹೆಂಡತಿ ಕೂಡ ಬೇರೆಯವರ ಮುಂದೆ "ನಮ್ ರೈಟ್ರು" ಅನ್ನುತ್ತಿದ್ದರು.

ಆ ಎಸ್ಟೇಟಿನಲ್ಲಿ ಒಂದು ಪದ್ಧತಿ. ಪ್ರತಿ ಸಂಜೆ ರೈಟರು ಬಂಗಲೆಗೆ ಹೋಗಬೇಕು. ಸಾಹುಕಾರರು ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾರೆ. ಇವರು ಮೆಟ್ಟಿಲ ಕೆಳಗೆ ಅಂಗಳದಲ್ಲಿ ನಿಂತು ಇವತ್ತು ಎಷ್ಟು ಜನ ಬಂದರು, ಯಾವ ಕಡೆ ಗಿಡ ಸವರಿ ಕಸಿ ಆಯಿತು, ಎಷ್ಟು ಮಳೆ ಬಂತು ಎಲ್ಲಾ ಒಪ್ಪಿಸಬೇಕು. ನಾಳೆಯ ಕೆಲಸ ಕೇಳಿಕೊಳ್ಳಬೇಕು. ಕೊನೆಗೆ "ಹೋಗ್ಲಾ?" ಅನ್ನಬೇಕು. ಮೇಲಿಂದ "ಹ್ಞೂಂ" ಬಂದ ಮೇಲೆ ಹೊರಡಬೇಕು. ದೊಡ್ಡ ಸಾಹುಕಾರರು ಒಳ್ಳೆಯವರೇ, ಬೈದವರಲ್ಲ, ಹೊಡೆದವರಲ್ಲ. ಮೇಲೆ ಬಾ ಅಂತಲೂ ಕರೆದವರಲ್ಲ. ಇವರಿಗೂ ಅದು ತೋಚಲಿಲ್ಲ.

ಆ "ಹೋಗ್ಲಾ" ಅವರ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ನನ್ನ ಅಂಗಡಿಯಿಂದ ಹೊರಡುವಾಗಲೂ "ಹೋಗ್ಲಾ ತಂಗಿ?" ನಾನು ಗಿರಾಕಿಗಳ ಗಲಾಟೆಯಲ್ಲಿ ಉತ್ತರ ಕೊಡದಿದ್ದರೆ ಅಲ್ಲೇ ನಿಂತಿರುತ್ತಿದ್ದರು. ಒಂದು ಸಲ ಅವರು ನಿಂತಿದ್ದಾರೆ ಅನ್ನುವುದೇ ನನಗೆ ಮರೆತುಹೋಗಿ, ಅವರ ಕಣ್ಣ ಮುಂದೆಯೇ ಅವರ ಬಸ್ಸು ಹೋಯಿತು. "ಅಯ್ಯೋ, ಹೋಗೋದಲ್ವಾ?" ಅಂದರೆ, "ನೀನು ಏನೂ ಹೇಳ್ಲಿಲ್ವಲ್ಲ" ಅಂದರು. ಪೆನ್ನು ತೆಗೆದುಕೊಳ್ಳುವುದಕ್ಕೆ ಪರ್ಮಿಷನ್, ನೀರು ಕುಡಿಯುವುದಕ್ಕೆ ಪರ್ಮಿಷನ್. ಬಸ್ಸಿನಲ್ಲಿ ಖಾಲಿ ಸೀಟಿದ್ದರೂ ಪಕ್ಕದವರನ್ನು "ಕೂತ್ಕೊಳ್ಳಲಾ?" ಅಂತ ಕೇಳಿ, ಅವರು ಹೂಂ ಅಂದ ಮೇಲೂ ಕಂಬಿ ಹಿಡಿದುಕೊಂಡು ಮೂಡಿಗೆರೆ ತನಕ ನಿಂತೇ ಹೋಗುತ್ತಿದ್ದರು. ಸ್ವಂತ ಮನೆಯ ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ಕೆಮ್ಮುತ್ತಿದ್ದರು. ಹೆಂಡತಿ ಒಳಗಿಂದ "ಬನ್ನಿ, ಬನ್ನಿ, ನಿಮ್ದೇ ಮನೆ" ಅಂತ ತಮಾಷೆ ಮಾಡುತ್ತಿದ್ದರು.

ಅವರ ಮನೆ ನನ್ನ ಅಂಗಡಿಯಿಂದ ಕೂಗಳತೆಯಲ್ಲಿತ್ತು. ಎಸ್ಟೇಟಿನ ಮೂಲೆ ರಸ್ತೆಗೆ ತಾಗುವ ಜಾಗ ಅದು. ದೊಡ್ಡ ಸಾಹುಕಾರರು ಸಾಯುವ ಮುಂಚೆ ಒಂದು ದಿನ ಜೀಪು ನಿಲ್ಲಿಸಿ, ಊರುಗೋಲಿನಲ್ಲಿ ತೋರಿಸಿ, "ಆ ಸಿಲ್ವರ್ ಮರದಿಂದ ಈ ಚರಂಡಿ ತನಕ ನಿಂದು, ಮನೆ ಕಟ್ಕೋ" ಅಂದಿದ್ದರಂತೆ. ಬಾಯಿಮಾತು. ಇವರು ಸಿಮೆಂಟ್ ಬ್ಲಾಕಿನಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ ಕಟ್ಟಿಕೊಂಡರು. ಬಾಗಿಲು ತೆಗೆದರೆ ನೇರ ಅಂಗಳ, ಅಂಗಳ ದಾಟಿದರೆ ರಸ್ತೆ. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ.

ಜಗಲಿಯ ಆಸೆ ರೈಟರದಲ್ಲ, ಅಕ್ಕನದು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಎಸ್ಟೇಟಿನ ಬಂಗಲೆಯಲ್ಲಿ ಮದುವೆ ಮುಂಜಿ, ನೆಂಟರು ಇಷ್ಟರು ಅಂತ ಬಂದಾಗಲೆಲ್ಲ ಅಕ್ಕನಿಗೆ ಹೇಳಿಕಳಿಸುತ್ತಿದ್ದರು. ಹಿತ್ತಲ ಬಾಗಿಲಿನಿಂದ ಹೋಗಿ, ಹಿತ್ತಲಲ್ಲಿ ಕೂತು ಕಾಯಿ ತುರಿದು, ತರಕಾರಿ ಹೆಚ್ಚಿ, ಹಿತ್ತಲಿಂದಲೇ ವಾಪಸ್ಸು ಬರುವುದು. ಒಂದು ದಿನ ಅವರು ಅಂಗಡಿಗೆ ಬಂದು ರೀಚಾರ್ಜ್ ಮಾಡಿಸುತ್ತಾ, ಎಲ್ಲೋ ನೋಡಿಕೊಂಡು ಹೇಳಿದರು.

"ಹಿತ್ತಲಲ್ಲಿ ಕೂತು ಕೂತು ಸಾಕಾಗಿದೆ ಮಾರಾಯ್ತಿ. ಸಾಯೋದ್ರೊಳಗೆ ಒಂದ್ಸಲ ಮುಂದ್ಗಡೆ ಕೂತ್ಕೋಬೇಕು. ಒಂದು ಜಗಲಿ ಕಟ್ಸಿಕೊಡಿ ಅಂದಿದೀನಿ ಇವ್ರಿಗೆ. ಬಸ್ಸು ಹೋಗೋದು, ಬರೋದು ನೋಡ್ತಾ ಕೂರ್ಬೇಕು."

ಇದರಲ್ಲಿ ಕಷ್ಟ ಏನಿದೆ ಹೇಳಿ? ನಮ್ಮ ಸಾಲಿನಲ್ಲಿ ಎಲ್ಲರ ಮನೆಯ ಮುಂದೂ ಜಗಲಿಯೋ, ಶೀಟಿನ ಚಪ್ಪರವೋ ಇದೆ. ಯಾರೂ ಯಾರನ್ನೂ ಕೇಳಿಲ್ಲ. ನನ್ನ ಅಂಗಡಿಯ ಪಕ್ಕ ವೆಲ್ಡಿಂಗ್ ಶಾಪ್ ಇಟ್ಟಿರುವ ಭಾಯಿ ನಮ್ಮೂರಿನ ಅರ್ಧ ಮನೆಗಳಿಗೆ ಮುಂಭಾಗ ಕಟ್ಟಿಕೊಟ್ಟವರು. ವಿಷಯ ಕೇಳಿದವರೇ ಕೈಯ ಮಸಿ ಒರೆಸಿಕೊಂಡು ಬಂದರು.

"ನಾಕು ಪೈಪು ನಿಲ್ಸಿ ಶೀಟು ಹೊದಿಸೋದು, ಕೆಳಗೆ ಕಲ್ಲು ಕಟ್ಟಿ ಸಿಮೆಂಟು. ಎರಡು ದಿನದ ಕೆಲ್ಸ. ನಾಳೆನೇ ಶುರು ಮಾಡ್ಲಾ ರೈಟ್ರೇ?"

"ಪರ್ಮಿಷನ್ ಬರ್ಲಿ."

"ಯಾರ್ದು?"

"ಪಂಚಾಯ್ತೀದು. ಪ್ಲಾನ್ ಕೊಟ್ಟು, ಪರವಾನಗಿ ತಗೊಂಡೇ ಕಟ್ಟೋದು. ಪರವಾನಗಿ ಇಲ್ದೆ ಒಂದು ಕಲ್ಲೂ ಇಡಲ್ಲ ನಾನು."

ಭಾಯಿ ನನ್ನ ಕಡೆ ನೋಡಿದರು. ನಾನು ಕಂಪ್ಯೂಟರ್ ಕಡೆ ನೋಡಿದೆ.

ಆ ಮೇಲೆ ಶುರುವಾಯಿತು ಪ್ಲಾನ್ ಎಂಬ ಪೀಡೆ. ಅವರು ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ದೂರ ನಿಂತು ನೋಡುವುದು, ಅಳಿಸುವುದು, ಮತ್ತೆ ಎಳೆಯುವುದು. ಇರಚಲು ಯಾವ ಕಡೆಯಿಂದ ಹೊಡೆಯುತ್ತದೆ ಅಂತ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದರು. ಬಿಸಿಲು ಎಲ್ಲಿಗೆ ಬೀಳುತ್ತದೆ ಅಂತ ಬಿಸಿಲಲ್ಲಿ ನಿಂತು ನೋಡಿದರು. ರಸ್ತೆಯಿಂದ ಎಷ್ಟು ಬಿಡಬೇಕು ಅಂತ ನನ್ನನ್ನು ದಿನಾ ಕೇಳುವುದು, ನಾನು ಹೇಳಿದರೆ ನಂಬದೆ ಪಂಚಾಯ್ತಿಗೆ ಹೋಗಿ ಕೇಳಿಕೊಂಡು ಬರುವುದು. ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಅಕ್ಕ ಸುಣ್ಣದ ಗೆರೆಯ ಒಳಗೆ ಮಣೆ ಹಾಕಿಕೊಂಡು ಕೂತು ಮೆಣಸು ಆರಿಸುತ್ತಿದ್ದರು. ರೈಟರು ಗೆರೆಯ ಹೊರಗೆ ನಿಂತಿದ್ದರು.

"ನೋಡು ಮಾರಾಯ್ತಿ," ಅಕ್ಕ ನಗುತ್ತಾ ಹೇಳಿದರು, "ಜಗಲಿ ಎಷ್ಟು ದೊಡ್ಡದಾಗ್ಬೇಕು ಅಂತ ಕೂತು ನೋಡ್ತಿದೀನಿ. ಇವ್ರನ್ನೂ ಕೂತ್ಕೊಳ್ಳಿ ಅಂದ್ರೆ ಗೆರೆ ದಾಟಲ್ಲ ಅಂತಾರೆ."

"ಇನ್ನೂ ಸ್ಯಾಂಕ್ಷನ್ ಆಗಿಲ್ವಲ್ಲ" ಅಂದರು ರೈಟರು. ತಮಾಷೆ ಮಾಡುತ್ತಿದ್ದಾರೋ, ನಿಜವಾಗಿ ಹೇಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಕೊನೆಗೊಂದು ದಿನ ಪ್ಲಾನು ಸಿದ್ಧವಾಗಿ, ಅರ್ಜಿ ತುಂಬಿಸಲು ಬಂದರು. ಮನೆಯ ದಾಖಲೆ ಕೊಡಿ ಅಂದೆ. ಕರೆಂಟ್ ಬಿಲ್ಲು, ಕಂದಾಯದ ರಸೀದಿ ಎರಡನ್ನೂ ನೀಟಾಗಿ ಮಡಿಸಿ ತಂದಿದ್ದರು. ಬಿಚ್ಚಿ ನೋಡಿದರೆ ಎರಡರಲ್ಲೂ ಎಸ್ಟೇಟಿನ ಹೆಸರು.

"ರೈಟ್ರೇ, ಇದು ಎಸ್ಟೇಟಿಂದು. ನಿಮ್ದು ಕೊಡಿ."

"ಇದೇ ನಂದು."

"ನಿಮ್ಮ ಹೆಸರೆಲ್ಲಿದೆ ಇದ್ರಲ್ಲಿ?"

ಅವರು ಓಡಾಡುವುದು ನಿಲ್ಲಿಸಿದರು. ಬಿಲ್ಲನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ದೊಡ್ಡ ಸಾಹುಕಾರ್ರು ಹೇಳಿದ್ರು ತಂಗಿ, ಎಲ್ಲಾ ನಿನ್ನ ಹೆಸ್ರಿಗೇ ಮಾಡಿಸ್ಕೋ, ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ ಅಂತ. ಕರೆಂಟು, ಕಂದಾಯ ಎರಡಕ್ಕೂ ಅರ್ಜಿ ಬರೆಯೋಕೆ ಹೋದೆ. ಅರ್ಜಿದಾರರು ಅಂತ ಇತ್ತು. ಕೈ ಎಸ್ಟೇಟ್ ಹೆಸ್ರು ಬರ್ದುಬಿಡ್ತು. ಅಭ್ಯಾಸ ನೋಡು."

"ಬರೆದಾದ್ಮೇಲೆ ಓದಿ ನೋಡ್ಲಿಲ್ವಾ?"

"ನೋಡ್ದೆ. ಸರಿಯಾಗೇ ಇದೆ ಅನ್ನಿಸ್ತು."

ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ? ಮೈಯೆಲ್ಲಾ ಉರಿದುಹೋಯಿತು. ಊರಿನವರ ಪಿಂಚಣಿ, ಪಡಿತರ, ಪಹಣಿ ಎಲ್ಲದರ ತಪ್ಪು ತಿದ್ದಿ ಕೊಡುವವಳು ನಾನು. ಇಂಥ ತಪ್ಪು ಮಾತ್ರ ನೋಡಿರಲಿಲ್ಲ. ಯಾರೂ ಮೋಸ ಮಾಡಿಲ್ಲ, ಕಸಿದುಕೊಂಡಿಲ್ಲ. ಕೊಟ್ಟದ್ದನ್ನು ಇವರೇ ಕೈಯಾರೆ ಕೊಟ್ಟವರ ಹೆಸರಿಗೆ ವಾಪಸ್ಸು ಬರೆದಿದ್ದಾರೆ! "ಈ ಅರ್ಜಿ ಹರಿದು ಹಾಕೋಣ" ಅಂದೆ. "ಪಂಚಾಯ್ತಿಗೆ ಹೋಗೋದೇ ಬೇಡ. ಭಾಯಿಗೆ ಹೇಳಿ ಸುಮ್ಮನೆ ಕಟ್ಟಿಸಿ. ನೀವು ಕೇಳಿದ್ರೆ ತಾನೇ ಅವರು ನೋಡೋದು?"

"ಕೇಳ್ದೆ ಹೆಂಗೆ ಕಟ್ಟೋದು?" ಅಂದರು. ಅರ್ಜಿ ಎತ್ತಿಕೊಂಡು ನೇರ ಪಂಚಾಯ್ತಿಗೆ ನಡೆದರು. ನಾನು ಅಂಗಡಿಗೆ ಭಾಯಿಯನ್ನು ಕಾವಲು ಬಿಟ್ಟು ಹಿಂದೆಯೇ ಓಡಿದೆ.

ಪಂಚಾಯ್ತಿ ಆಫೀಸಿನ ಮುಖ್ಯಸ್ಥರನ್ನು ನಾವೆಲ್ಲ ಪಿಡಿಒ ಅನ್ನುತ್ತೇವೆ. ಆಗಿದ್ದವರು ಹೊಸಬರು, ಚಿಕ್ಕ ವಯಸ್ಸು, ಯಾವಾಗಲೂ ಮುಖ ಗಂಟು. ಕಾಗದಗಳನ್ನು ತಿರುವಿ ಹಾಕಿ ತಲೆ ಎತ್ತಿದರು.

"ಜಗಲಿ ಆಮೇಲೆ ನೋಡೋಣ. ಮನೆ ಯಾರ್ದು?"

ರೈಟರು ಎಸ್ಟೇಟ್ ಹೆಸರಿನ ಬಿಲ್ಲನ್ನೇ ಮುಂದೆ ಸರಿಸಿದರು. ಪಿಡಿಒ ಕೆಟ್ಟವರಲ್ಲ, ನಿಯಮ ಹೇಳಿದರು. ಮಾಲೀಕರು ಒಪ್ಪಿ ಬರೆದುಕೊಡಬೇಕು, ಇಲ್ಲದಿದ್ದರೆ ಪರವಾನಗಿ ಕೊಡಲು ಬರುವುದಿಲ್ಲ. "ಹಾಗೆ ನೋಡಿದ್ರೆ ನೀವು ಅಲ್ಲಿ ಇರೋದಕ್ಕೇ ಕಾಗದ ಇಲ್ವಲ್ಲ ರೈಟ್ರೇ" ಅಂದರು. ಒಂದು ಜಗಲಿ ಕೇಳಲು ಹೋಗಿ ಮನೆಯೇ ಇಲ್ಲ ಅಂತ ಗೊತ್ತಾಗಿತ್ತು.

ಆ ವಾರ ಅವರನ್ನು ನೋಡಲಾಗುತ್ತಿರಲಿಲ್ಲ. ಬೆಳಿಗ್ಗೆ ನಾನು ಷಟರ್ ಎತ್ತುವಾಗ ರಸ್ತೆಯಲ್ಲಿ ಇರುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಹೋಗುವಾಗಲೂ ರಸ್ತೆಯಲ್ಲೇ. ಸಿಲ್ವರ್ ಮರದಿಂದ ಚರಂಡಿ ತನಕ, ಚರಂಡಿಯಿಂದ ಸಿಲ್ವರ್ ಮರದ ತನಕ. ಅಕ್ಕ ಬಾಗಿಲಲ್ಲಿ ನಿಂತು "ಒಳಗೆ ಬನ್ನಿ, ನಂಗೆ ಜಗಲಿ ಬೇಡ, ಎಂತದೂ ಬೇಡ" ಅಂತ ಕರೆಯುತ್ತಿದ್ದರು. ನನಗೂ ರಾತ್ರಿ ನಿದ್ದೆ ಸರಿ ಇಲ್ಲ, ಹಗಲು ಮೈಮೇಲೆ ಜ್ಞಾನ ಇಲ್ಲ. ಯಾರದ್ದೋ ಆಧಾರ್ ಕಾರ್ಡು ಯಾರಿಗೋ ಕೊಟ್ಟು ಬೈಸಿಕೊಂಡೆ. ಕೊನೆಗೆ ನಾನೇ ಹೇಳಿದೆ, "ನಡೀರಿ, ಬಂಗಲೆಗೆ ಹೋಗಿ ಅಮ್ಮಾವ್ರನ್ನ ಕೇಳೋಣ."

ದೊಡ್ಡ ಸಾಹುಕಾರರ ಮಗಳು ಈಗ ಎಸ್ಟೇಟ್ ನೋಡಿಕೊಳ್ಳುವವರು. ಓದಿದವರು, ಮೆತ್ತಗೆ ಮಾತಾಡುವವರು. ನಾವು ಹೋದಾಗ ಜಗಲಿಯಲ್ಲೇ ಇದ್ದರು. ನಾನು ಚಪ್ಪಲಿ ಬಿಟ್ಟು ಮೇಲೆ ಹತ್ತಿ ಕುರ್ಚಿಯಲ್ಲಿ ಕೂತೆ. ರೈಟರು ಕೆಳಗೆ ಅಂಗಳದಲ್ಲಿ ನಿಂತರು. ಅಮ್ಮಾವರು "ಮೇಲೆ ಬನ್ನಿ ರೈಟ್ರೇ" ಅಂದರು. ಇವರು "ಇರ್ಲಿ ಅಮ್ಮಾವ್ರೆ" ಅಂದರು. ಮತ್ತೊಂದು ಸಲ ಅವರು ಕರೆಯಲಿಲ್ಲ.

ನಾನು ವಿಷಯ ಹೇಳಿದೆ. ಅಮ್ಮಾವರು ಪೂರ್ತಿ ಕೇಳಿಸಿಕೊಂಡರು.

"ಅಪ್ಪಾಜಿ ಕೊಟ್ಟಿರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಈಗ ಎಸ್ಟೇಟ್ ನನ್ನೊಬ್ಬಳದ್ದಲ್ಲ, ತಮ್ಮಂದಿರೂ ಇದಾರೆ. ಹೀಗೆ ತುಂಡು ತುಂಡು ಬರ್ಕೊಡೋಕೆ ಆಗಲ್ಲ. ರೈಟ್ರೇ, ನಿಮ್ಮನ್ನ ಯಾರಾದ್ರೂ ಏಳಿ ಅಂದ್ರಾ? ನೀವಿರೋತನಕ ಯಾರು ಏನು ಕೇಳ್ತಾರೆ? ಆರಾಮಾಗಿರಿ."

ರೈಟರು ತಲೆ ಆಡಿಸಿದರು. ಅವರ ಕಣ್ಣು ಬಂಗಲೆಯ ಪಕ್ಕಕ್ಕೆ ಹೋಯಿತು. ಅಲ್ಲಿ ಹೊಸದಾಗಿ ಒಂದು ಡೆಕ್ ಕಟ್ಟಿದ್ದರು. ಕಬ್ಬಿಣದ ಕಂಬಗಳ ಮೇಲೆ ಮರದ ಹಲಗೆ ಹಾಸಿ, ಕಾಫಿ ಗಿಡಗಳ ಮೇಲಕ್ಕೆ ಚಾಚಿಕೊಂಡಂತೆ. ಬಂಗಲೆಯಲ್ಲಿ ನಡೆಸುವ ಹೋಂಸ್ಟೇಗೆ ಬಂದವರು ಅಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದರು.

"ಅಮ್ಮಾವ್ರೆ, ಇದ್ರ ಪರ್ಮಿಷನ್ ಎಲ್ಲಿಂದ ಆಯ್ತು?" ರೈಟರು ಕೇಳಿದರು. ಕುಹಕ ಇಲ್ಲ, ನಿಜವಾಗಿ ದಾರಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು.

ಅಮ್ಮಾವರು ನಕ್ಕರು. "ನಮ್ಮ ಮನೆಗೆ ನಾವು ಕಟ್ಕೊಳ್ಳೋಕೆ ಎಂಥ ಪರ್ಮಿಷನ್ ರೈಟ್ರೇ?"

ರೈಟರು ಡೆಕ್ಕನ್ನು ಇನ್ನೊಂದು ಸಲ ನೋಡಿದರು. ನಾನು ಕುರ್ಚಿಯ ತುದಿಗೆ ಬಂದು ಕಾದೆ, ಈಗ "ಹೋಗ್ಲಾ" ಅನ್ನುತ್ತಾರೆ ಅಂತ. ಅನ್ನಲಿಲ್ಲ. ತಿರುಗಿ ನಡೆದುಬಿಟ್ಟರು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಓಡುವಷ್ಟರಲ್ಲಿ ಗೇಟು ದಾಟಿದ್ದರು. ದಾರಿಯುದ್ದಕ್ಕೂ ಒಂದೇ ಮಾತು, "ಭಾಯಿ ಅಂಗಡಿ ತೆಗ್ದಿರ್ತಾನಾ?"

ಭಾಯಿ ಅಂಗಡಿ ತೆಗೆದಿದ್ದರು. "ಪರ್ಮಿಷನ್ ಬಂತಾ?" ಅಂದರು. "ನೀನು ಪೈಪು ತಗೊಂಡು ಬಾ" ಅಂದರು ರೈಟರು.

ಭಾಯಿ ಹೇಳಿದ ಎರಡು ದಿನದ ಕೆಲಸ ಎರಡೇ ದಿನದಲ್ಲಿ ಮುಗಿಯಲಿಲ್ಲ, ರೈಟರು ಮುಗಿಯಲು ಬಿಡಲಿಲ್ಲ. ಕಂಬ ನಿಲ್ಲಿಸಿದರೆ ಅಲ್ಲಾಡಿಸಿ ನೋಡುವುದು, ಕಲ್ಲು ಇಟ್ಟರೆ ತೆಗೆಸಿ ಮತ್ತೆ ಇಡಿಸುವುದು. ಅಕ್ಕ ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ ರಸ್ತೆ ಬದಿಯಿಂದ ಮರಳು ಹೊತ್ತರು. ಬೇಡ ಅಂದರೂ ಕೇಳಲಿಲ್ಲ. ನಾನೂ ಅಂಗಡಿ ಮುಚ್ಚಿ ಹೋಗಿ ನಾಲ್ಕು ಬುಟ್ಟಿ ಹೊತ್ತೆ. ರಸ್ತೆಯಲ್ಲಿ ಹೋಗುವ ಒಂದೊಂದು ಜೀಪಿನ ಶಬ್ದಕ್ಕೂ ನಾವು ನಾಲ್ಕೂ ಜನ ತಲೆ ಎತ್ತಿ ನೋಡುತ್ತಿದ್ದೆವು. ಯಾರೋ ಬರುತ್ತಾರೆ, ನಿಲ್ಲಿಸಿ ಅನ್ನುತ್ತಾರೆ ಅಂತ. ಆ ಭಯದಲ್ಲೇ ಕೆಲಸ ಓಡಿತು.

ಶೀಟು ಹೊದಿಸಿದ ಮೇಲೆ ಒಂದು ದಿನ ಪಿಡಿಒ ಬೈಕಿನಲ್ಲಿ ಹೋಗುತ್ತಿದ್ದವರು ನಿಲ್ಲಿಸಿ ನೋಡಿದರು. ತಾವೇ ತಿರಸ್ಕರಿಸಿದ ಜಗಲಿ ಎದುರಿಗೇ ನಿಂತಿದೆ, ಬಿಡುತ್ತಾರಾ? ಮಾರನೇ ವಾರ ನೋಟಿಸ್ ಬಂತು.

ರೈಟರು ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದಾಗ ನಾನು ಕಥೆ ಮುಗಿಯಿತು ಅಂದುಕೊಂಡೆ. ಅವರು ಕೌಂಟರಿನ ಮೇಲೆ ಕಾಗದ ಹರಡಿ, ಬೆರಳಿಟ್ಟು ತೋರಿಸಿದರು.

"ಓದು. ಇಲ್ಲಿಂದ ಓದು."

ಮೇಲೆ ಅವರ ಹೆಸರು, ತಂದೆಯ ಹೆಸರು, ವಿಳಾಸ. ಕೆಳಗೆ, ತಾವು ತಮ್ಮ ವಾಸದ ಮನೆಯ ಮುಂಭಾಗದಲ್ಲಿ ಪರವಾನಗಿ ಪಡೆಯದೆ ಜಗಲಿ ನಿರ್ಮಿಸಿರುವುದು ಕಂಡುಬಂದಿದೆ, ಅಂತ.

"ತಮ್ಮ ವಾಸದ ಮನೆ! ನೋಡಿದ್ಯಾ? ಸೀಲು ಇದೆ, ಸೈನಿದೆ. ನನ್ನ ಹೆಸ್ರಿಗೆ ಆ ಮನೆ ಮೇಲೆ ಇದೇ ಮೊದಲ್ನೇ ಕಾಗದ ತಂಗಿ. ಮೂರು ಜೆರಾಕ್ಸ್ ಮಾಡು. ಲ್ಯಾಮಿನೇಷನ್ನೂ ಮಾಡು."

ನಾನು ನಗಲೋ ಅಳಲೋ ಗೊತ್ತಾಗದೆ ಮೆಷಿನ್ನಿನ ಮುಚ್ಚಳ ಎತ್ತಿದೆ. ದಂಡ ಹಾಕುತ್ತಾರೆ, ಕೆಡವಿ ಅಂತಾರೆ, ಅದೂ ಬರೆದಿದೆ ಅಂದೆ. "ಹಾಕ್ಲಿ. ರಸೀದಿ ನನ್ನ ಹೆಸ್ರಲ್ಲೇ ಕೊಡ್ಬೇಕಲ್ಲ" ಅಂದರು. ಜೆರಾಕ್ಸ್ ಹೊರಗೆ ಬರುವಷ್ಟರಲ್ಲಿ ಅವರ ಮುಖದ ಸಂತೋಷ ಇಳಿದುಹೋಗಿತ್ತು. ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದರು. ಆಮೇಲೆ "ಬಾ" ಅಂತ ನನ್ನನ್ನೂ ಎಳೆದುಕೊಂಡು ಪಂಚಾಯ್ತಿಗೆ ಹೊರಟರು.

ಪಿಡಿಒ ನಮ್ಮನ್ನು ನೋಡಿ, "ನೋಟಿಸ್ ಕ್ಯಾನ್ಸಲ್ ಮಾಡೋಕಾಗಲ್ಲ ರೈಟ್ರೇ" ಅಂತ ಮೊದಲೇ ಹೇಳಿದರು.

"ಕ್ಯಾನ್ಸಲ್ ಬೇಡ ಸಾರ್. ಇನ್ನೊಂದು ಕೊಡಿ. ನನ್ನ ಹೆಂಡ್ತಿ ಹೆಸ್ರಿಗೆ."

"ಎಂತಕ್ಕೆ?"

"ಅವಳೂ ಕಟ್ಟಿದಾಳೆ. ಮರಳು ಹೊತ್ತೋಳು ಅವಳೇ. ನಾನು ಬರೀ ನಿಂತು ನೋಡ್ದೋನು. ತಪ್ಪು ಅವಳ್ದೇ ಜಾಸ್ತಿ."

"ನೋಟಿಸ್ ಬೇಡ ಅಂತ ಬರೋರನ್ನ ದಿನಾ ನೋಡ್ತೀನಿ. ಇನ್ನೊಂದು ಕೊಡಿ ಅಂತ ಬಂದೋರನ್ನ ಇವತ್ತೇ ನೋಡ್ತಿರೋದು. ಹೋಗಿ ರೈಟ್ರೇ, ನಂಗೆ ಬೇರೆ ಕೆಲ್ಸ ಇದೆ."

ಹೋಗಿ ಅಂದರೂ ರೈಟರು ಹೋಗಲಿಲ್ಲ. ಯಾರನ್ನೂ ಕೇಳದೆ, ಪಿಡಿಒ ಎದುರಿನ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಪಿಡಿಒ ಫೋನಿನಲ್ಲಿ ಮಾತಾಡಿದರು, ಬಂದವರ ಅರ್ಜಿ ನೋಡಿದರು, ಊಟಕ್ಕೆ ಎದ್ದು ಹೋದರು, ಬಂದರು. ರೈಟರು ಅಲ್ಲೇ. ಅವರ ಕಾಲು ಮಾತ್ರ ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಅಷ್ಟು ಹೊತ್ತು ಕೂತಿರುವುದು ಅವರಿಗೆ ಎಂಥ ಹಿಂಸೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಕೊನೆಗೆ ಪಿಡಿಒ ಪೆನ್ನು ಕೆಳಗಿಟ್ಟರು. ದನಿ ಬೇರೆಯಾಗಿತ್ತು.

"ನಿಜ ಹೇಳಿ. ಯಾಕೆ ಬೇಕು ನಿಮಗಿದು?"

"ನೀವಿರೋತನಕ ಇರಿ ಅಂದ್ರು ಸಾರ್ ನನಗೆ. ಅವಳಿರೋತನಕ ಅಂತ ಯಾರೂ ಅನ್ಲಿಲ್ಲ."

ಪಿಡಿಒ ಕಿಟಕಿಯ ಕಡೆ ನೋಡಿದರು. ಆಮೇಲೆ ಕಂಪ್ಯೂಟರಿನ ಹುಡುಗಿಯನ್ನು ಕರೆದು, ಆ ನೋಟಿಸು ತೆಗಿ, ಇನ್ನೊಂದು ಹೆಸರು ಸೇರಿಸು ಅಂದರು. "ಹೆಸರು ಹೇಳಿ" ಅಂದರು. ರೈಟರು ಎದ್ದು ನಿಂತು, ಹಾಜರಿ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದರು. ಇಷ್ಟು ವರ್ಷ ಅಕ್ಕ ಅಂತಲೇ ಕರೆದ ನಾನು ಅವರ ಪೂರ್ತಿ ಹೆಸರು ಕೇಳಿದ್ದು ಅವತ್ತೇ.

ಕಾನೂನಿನಲ್ಲಿ ಆ ಕಾಗದಕ್ಕೆ ಎಷ್ಟು ತೂಕ ಇದೆಯೋ ನನಗೆ ಗೊತ್ತಿಲ್ಲ. ಲಾಯರನ್ನು ಕೇಳಿದರೆ ನಗಬಹುದು. ಕೇಳಲು ನನಗೆ ಧೈರ್ಯವಿಲ್ಲ. ದಂಡ ಕಟ್ಟಿದ್ದಾಯಿತು, ಇಬ್ಬರ ಹೆಸರಿನಲ್ಲೂ ರಸೀದಿ ಬಂತು, ಕೆಡವಲು ಯಾರೂ ಬರಲಿಲ್ಲ. ಅಕ್ಕ ಜಗಲಿಯಲ್ಲಿ ಕೂತು ಬಸ್ಸು ನೋಡತೊಡಗಿದರು. ರೈಟರು ಅವರ ಮುಂದೆ ಅಂಗಳದಲ್ಲಿ ಅತ್ತಿತ್ತ ಓಡಾಡುತ್ತಿದ್ದರು. ಯಾರಾದರೂ ಅಲ್ಲಿ ಬಾಳೆಹಣ್ಣಿನ ಸಿಪ್ಪೆ ಎಸೆದರೆ ಬೈಗುಳ, ಹಾದುಹೋಗುವವರಿಗೆ "ನಮ್ಮ ಜಗಲಿ, ನೋಡಿ" ಅಂತ ಕರೆಯುವುದು. ಒಂದು ದಿನ ಹಾಗೆ ಓಡಾಡುತ್ತಿದ್ದವರು ಎದೆ ಹಿಡಿದುಕೊಂಡು ಬಿದ್ದರು. ಭಾಯಿ ತಮ್ಮ ಓಮ್ನಿಯಲ್ಲಿ ಹಾಕಿಕೊಂಡು ಮೂಡಿಗೆರೆಗೆ ಓಡಿದರು. ದಾರಿಯಲ್ಲೇ ಎಲ್ಲಾ ಮುಗಿದಿತ್ತು.

ಕಾರ್ಯವೆಲ್ಲ ಕಳೆದು ಸ್ವಲ್ಪ ದಿನಕ್ಕೆ ಅಮ್ಮಾವರ ಜೀಪು ಬಂದು ನಿಂತಿತು. ನಾನು ಅಕ್ಕನ ಜೊತೆ ಜಗಲಿಯಲ್ಲಿದ್ದೆ. ಈ ದಿನಕ್ಕೇ ಅಲ್ಲವೇ ಆ ಮನುಷ್ಯ ಅಷ್ಟೆಲ್ಲ ಓಡಾಡಿದ್ದು? ಅಮ್ಮಾವರು ಅಂಗಳದಲ್ಲಿ ನಿಂತು ರೈಟರ ಗುಣಗಾನ ಮಾಡಿದರು, ಕಣ್ಣೂ ಒರೆಸಿಕೊಂಡರು. ಸುಳ್ಳು ಅಳು ಅಲ್ಲ ಅದು. ಆಮೇಲೆ ಮಾತು ಮೆಲ್ಲಗೆ ತಿರುಗಿತು.

"ನೀವಿನ್ನು ಒಬ್ಬರೇ ಇಲ್ಲಿ ಹೇಗಿರ್ತೀರಿ? ಕೆಳಗೆ ಆಳುಗಳ ಲೈನಲ್ಲಿ ಒಂದು ರೂಮು ಖಾಲಿ ಇದೆ, ಜನ ಇರ್ತಾರೆ ಸುತ್ತ. ಅಲ್ಲಿಗೆ ಬಂದುಬಿಡಿ. ಈ ಜಾಗ ಹೋಂಸ್ಟೇ ಆಫೀಸಿಗೆ ಆಗುತ್ತೆ. ರಸ್ತೆಗೇ ಇದೆ, ಜಗಲಿನೂ ಚೆನ್ನಾಗಿ ಮಾಡಿದೀರಿ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಏನಾದರೂ ಅಂದುಬಿಡುತ್ತೇನೆ ಅಂತ ಬಾಯಿಗೆ ಸೆರಗು ಹಿಡಿದೆ. ಅಕ್ಕ ಮಾತ್ರ ಮಣೆಯಿಂದ ಏಳಲಿಲ್ಲ.

"ಜಗಲಿ ಕಟ್ಟಿದೋಳು ನಾನು ಅಂತ ನಂಗೆ ನೋಟಿಸ್ ಬಂದಿದೆ ಅಮ್ಮಾವ್ರೆ. ದಂಡನೂ ಕಟ್ಟಿದೀನಿ. ಬಿಡ್ಸೋದಾದ್ರೆ ನೀವೂ ಕಾಗದ ಕಳಿಸಿ, ನನ್ನ ಹೆಸ್ರಿಗೇ ಕಳಿಸಿ."

ಅಮ್ಮಾವರ ಮುಖ ಕೆಂಪಾಯಿತು. "ರೈಟ್ರು ಇದ್ದಿದ್ರೆ ಹೀಗೆಲ್ಲ ಮಾತಾಡ್ತಿರ್ಲಿಲ್ಲ. ಏನಿದ್ರೂ ನನ್ನನ್ನ ಕೇಳ್ತಿದ್ರು."

"ಹೌದು ಅಮ್ಮಾವ್ರೆ, ಅವ್ರು ಎಲ್ಲಾದಕ್ಕೂ ಕೇಳ್ತಿದ್ರು" ಅಂದರು ಅಕ್ಕ. "ನನ್ನ ಪಾಲಿಂದೂ ಸೇರಿಸಿ ಅವ್ರೇ ಕೇಳಿ ಮುಗ್ಸಿದಾರೆ. ನಾನಿನ್ನು ಯಾರನ್ನೂ ಕೇಳಲ್ಲ."